ಬಾವಿ ಆಳ ಕಡಿಮೆಯಿದ್ದಷ್ಟೂ ಸೇದುವುದು ಸುಲಭ

"ಹೀಟ್ ಪಂಪ್ ಹಾಕಿಸಿದರೆ ಕರೆಂಟ್ ಉಳಿಯುತ್ತೆ ಅಂತಾರಲ್ಲ ಸಾರ್, ನಮ್ಮನೆ ಬಿಲ್ ಒಂದ್ಸಲ ಬಂದು ನೋಡಿ."

ಫೋನಿನಲ್ಲಿ ಆ ದನಿ ಸಿಟ್ಟಿಗಿಂತ ಜಾಸ್ತಿ ಸುಸ್ತಾಗಿತ್ತು. ಹೋಗಿ ನೋಡಿದೆ. ಮನೆ ಬೆಚ್ಚಗಿಡುವ ಆ ಯಂತ್ರ ಸರಿಯಾಗಿತ್ತು. ಪೈಪುಗಳು ಸರಿಯಾಗಿದ್ದವು. ನಿಯಂತ್ರಣ ಫಲಕದಲ್ಲಿ ಮಾತ್ರ ರೇಡಿಯೇಟರಿಗೆ, ಅಂದರೆ ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ಫಲಕಕ್ಕೆ, ಹೋಗುವ ನೀರಿನ ಬಿಸಿ 60 ಡಿಗ್ರಿ ಎಂದಿತ್ತು. ಹಳೇ ಬಾಯ್ಲರ್ ಇದ್ದಾಗ ಅಷ್ಟಿತ್ತಂತೆ. ಯಂತ್ರ ಕೂರಿಸಿದವರು ಅದನ್ನೇ ಹಾಗೇ ಬಿಟ್ಟು ಹೋಗಿದ್ದರು.

ದಿನಕ್ಕೆ ಸ್ವಲ್ಪ ಸ್ವಲ್ಪ ಇಳಿಸುತ್ತಾ ಬನ್ನಿ, ಯಾವ ಕೋಣೆ ಮೊದಲು ತಣ್ಣಗಾಗುತ್ತದೋ ನನಗೆ ಹೇಳಿ ಅಂದೆ. 43ಕ್ಕೆ ಬಂದಾಗ ಮೂಲೆಯ ಮಲಗುವ ಕೋಣೆಯೊಂದು ತಕರಾರು ತೆಗೆಯಿತು. ಆ ಒಂದು ಕೋಣೆಗೆ ದೊಡ್ಡ ರೇಡಿಯೇಟರ್ ಹಾಕಿಸಿದೆವು. ಅಷ್ಟೇ ಮಾಡಿದ್ದು. ಮುಂದಿನ ಬಿಲ್ ಬಂದಮೇಲೆ ಅವರೇ ಮತ್ತೆ ಫೋನ್ ಮಾಡಿದರು.

ಹೀಟ್ ಪಂಪ್ ಶಾಖವನ್ನು ಹುಟ್ಟಿಸುವುದಿಲ್ಲ, ಸೇದುತ್ತದೆ. ಬಾವಿಯಲ್ಲಿ ನೀರು ಮೊದಲೇ ಇರುತ್ತದೆ, ನಾವು ಹಗ್ಗ ಎಳೆಯುತ್ತೇವೆ ಅಷ್ಟೇ ಅಲ್ವಾ? ಇಲ್ಲಿಯೂ ಹೊರಗಿನ ಗಾಳಿಯಲ್ಲೋ ನೆಲದಲ್ಲೋ ಶಾಖ ಇದ್ದೇ ಇದೆ. ಅದನ್ನು ಮೇಲಕ್ಕೆತ್ತಿ ಮನೆಯೊಳಗೆ ಸುರಿಯಲು ಬೇಕಾದ ಶ್ರಮಕ್ಕೆ ಮಾತ್ರ ನಾವು ಕರೆಂಟ್ ಖರ್ಚು ಮಾಡುತ್ತೇವೆ. ಬಾವಿ ಎಷ್ಟು ಆಳವೋ ಅಷ್ಟು ಕಷ್ಟ. ನಮ್ಮ ಬಾವಿಯ ಆಳ ಎಂದರೆ ಎರಡು ತಾಪಮಾನಗಳ ನಡುವಿನ ಅಂತರ.

ಲೆಕ್ಕ ಹಾಕಿ ತೋರಿಸುತ್ತೇನೆ. ಶಾಖ ತೆಗೆಯುವ ಜಾಗ 5 ಡಿಗ್ರಿ ಇದೆ ಎನ್ನೋಣ. ನೀರನ್ನು 35 ಡಿಗ್ರಿಗೆ ಬಿಸಿ ಮಾಡಿದರೆ ಸಾಕು ಎಂದಾದರೆ, ಒಂದು ಯೂನಿಟ್ ಕರೆಂಟಿಗೆ ಸುಮಾರು 10 ಯೂನಿಟ್ ಶಾಖ ಸಿಗಬಹುದು ಎನ್ನುತ್ತದೆ ಭೌತಶಾಸ್ತ್ರ. 60 ಡಿಗ್ರಿ ಬೇಕು ಎಂದರೆ ಅದು 6ಕ್ಕೆ ಇಳಿಯುತ್ತದೆ. ನಿಜವಾದ ಯಂತ್ರಗಳು ಈ ಮಿತಿಯ ಅರ್ಧಕ್ಕಿಂತ ಸ್ವಲ್ಪ ಕೆಳಗೆ ನಿಲ್ಲುತ್ತವೆ. ಅಂದರೆ ಒಂದು ಕಡೆ ನಾಲ್ಕಕ್ಕಿಂತ ಜಾಸ್ತಿ, ಇನ್ನೊಂದು ಕಡೆ ಎರಡೂವರೆ. ಯಂತ್ರ ಅದೇ, ಕಂಪನಿ ಅದೇ. ಬದಲಾಗಿದ್ದು ಏರಿಸಬೇಕಾದ ಎತ್ತರ ಮಾತ್ರ.

ಸೊನ್ನೆ ಡಿಗ್ರಿ ಗಾಳಿಯಲ್ಲಿ ಶಾಖ ಎಲ್ಲಿಂದ ಬಂತು ಎಂದು ತುಂಬಾ ಜನ ಕೇಳುತ್ತಾರೆ. ಪ್ರೋಪೇನ್ ಅನಿಲವನ್ನೇ ತೆಗೆದುಕೊಳ್ಳಿ. ಈಗಿನ ಹಲವು ಯಂತ್ರಗಳೊಳಗೆ ಸುತ್ತುವುದು ಅದೇ. ಸಾಮಾನ್ಯ ಒತ್ತಡದಲ್ಲಿ ಅದು ಮೈನಸ್ 42 ಡಿಗ್ರಿಗೇ ಕುದಿಯುತ್ತದೆ. ಅದರ ಪಾಲಿಗೆ ಸೊನ್ನೆ ಡಿಗ್ರಿ ಗಾಳಿ ಬೆಂಕಿಯಿದ್ದ ಹಾಗೆ. ಆ ಗಾಳಿಯಿಂದ ಶಾಖ ಹೀರಿ ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಹಿಂಡುತ್ತದೆ, ಅದು ಚೆನ್ನಾಗಿ ಬಿಸಿಯಾಗುತ್ತದೆ. ಮನೆಯ ನೀರಿಗೆ ಬಿಸಿ ಕೊಟ್ಟು ಮತ್ತೆ ದ್ರವವಾಗುತ್ತದೆ, ಕಿರಿದಾದ ಕವಾಟ ದಾಟಿ ತಣ್ಣಗಾಗಿ ಹಿಂದಿರುಗುತ್ತದೆ. ನಿಮ್ಮ ಫ್ರಿಜ್ ಮಾಡುವುದೂ ಇದನ್ನೇ. ನಂಬಿಕೆ ಬರದಿದ್ದರೆ ಅದರ ಹಿಂಬದಿ ಮುಟ್ಟಿ ನೋಡಿ. ಒಂದು ಕವಾಟ ತಿರುಗಿಸಿದರೆ ಈ ಚಕ್ರ ಉಲ್ಟಾ ಓಡಿ ಮನೆಯ ಶಾಖವನ್ನು ಹೊರಗೆ ಹಾಕುತ್ತದೆ, ಅದೇ ಎಸಿ.

ಇದೇನು ಹೊಸ ಮೋಡಿಯಲ್ಲ. ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್ 1852ರಲ್ಲೇ ಈ ಯೋಚನೆ ಬರೆದಿಟ್ಟಿದ್ದರು. ಸ್ವಿಟ್ಜರ್ಲೆಂಡಿನ ಜ್ಯೂರಿಚ್‌ನ ಪುರಭವನವನ್ನು 1938ರಲ್ಲೇ ಲಿಮ್ಮಾಟ್ ನದಿಯ ತಣ್ಣನೆ ನೀರಿನಿಂದ ಶಾಖ ಸೇದಿ ಬೆಚ್ಚಗಿಟ್ಟರು.

ಈಗ ನೆಲದ ವಿಷಯ. ನೆಲದ ಶಾಖ ಎಂದಕೂಡಲೇ ಜನರ ಕಣ್ಣಿಗೆ ಬಿಸಿನೀರಿನ ಬುಗ್ಗೆ, ಜ್ವಾಲಾಮುಖಿ ಕಾಣುತ್ತದೆ. ಮನೆಗೆ ಬೇಕಾಗಿರುವುದು ಅದಲ್ಲ. ಸುಮಾರು 10ರಿಂದ 15 ಮೀಟರ್ ಕೆಳಗೆ ಮಣ್ಣಿಗೆ ಬೇಸಿಗೆ, ಚಳಿಗಾಲ ಗೊತ್ತಾಗುವುದಿಲ್ಲ. ಆ ಊರಿನ ಇಡೀ ವರ್ಷದ ಸರಾಸರಿ ತಾಪಮಾನ ಎಷ್ಟೋ ಹೆಚ್ಚುಕಡಿಮೆ ಅಷ್ಟೇ ಅಲ್ಲಿ ಯಾವಾಗಲೂ ಇರುತ್ತದೆ. ಅಲ್ಲಿಂದ ಕೆಳಗೆ 100 ಮೀಟರಿಗೆ ಸುಮಾರು 3 ಡಿಗ್ರಿಯಂತೆ ಏರುತ್ತದೆ, ಅಷ್ಟೇ. ಹೊರಗೆ ಮೈನಸ್ 10 ಇದ್ದಾಗಲೂ ನೆಲದಡಿ ಪ್ಲಸ್ 10 ಇದ್ದರೆ, ಬಾವಿಯ ನೀರು ತಾನಾಗಿಯೇ ಮೇಲೆ ಬಂದ ಹಾಗೆ.

ಅದನ್ನು ತೆಗೆಯಲು ಎರಡು ದಾರಿ. ವಿಶಾಲ ಜಾಗ ಇದ್ದರೆ ಒಂದೆರಡು ಮೀಟರ್ ಆಳಕ್ಕೆ ಪೈಪುಗಳನ್ನು ಅಡ್ಡಡ್ಡ ಹಾಸುವುದು. ಜಾಗ ಇಲ್ಲದಿದ್ದರೆ 50ರಿಂದ 150 ಮೀಟರ್ ಬೋರ್ ಕೊರೆದು, ತುದಿಯಲ್ಲಿ ಬಾಗಿದ ಪಾಲಿಥೀನ್ ಪೈಪನ್ನು ಇಳಿಸುವುದು. ನೀರು ಮೇಲಕ್ಕೆ ತರುವ ಬೋರಲ್ಲ ಇದು. ಪೈಪಿನೊಳಗಿನ ದ್ರವ ಒಳಗೇ ಸುತ್ತುತ್ತಿರುತ್ತದೆ, ಮಣ್ಣಿನಿಂದ ಶಾಖ ಮಾತ್ರ ತೆಗೆದುಕೊಳ್ಳುತ್ತದೆ.

ಮನೆಗೆ 8 ಕಿಲೋವ್ಯಾಟ್ ಶಾಖ ಬೇಕು, ಯಂತ್ರ ಒಂದಕ್ಕೆ ನಾಲ್ಕು ಕೊಡುತ್ತದೆ ಎಂದುಕೊಳ್ಳಿ. 2 ಕಿಲೋವ್ಯಾಟ್ ಕರೆಂಟಿನಿಂದ ಬಂತು, ಉಳಿದ 6 ನೆಲ ಕೊಡಬೇಕು. ಬೋರಿನ ಒಂದು ಮೀಟರಿಗೆ 40 ವ್ಯಾಟ್ ಸಿಕ್ಕರೆ 150 ಮೀಟರ್ ಬೇಕಾಯಿತು. ಆದರೆ ಈ 40 ಎಲ್ಲ ಕಡೆ 40 ಅಲ್ಲ. ಒದ್ದೆ ಮರಳು ಒಣ ಮರಳಿಗಿಂತ ಐದಾರು ಪಟ್ಟು ಚೆನ್ನಾಗಿ ಶಾಖ ದಾಟಿಸುತ್ತದೆ. ಗ್ರಾನೈಟ್ ಬಂಡೆ ಸಿಕ್ಕರೆ ಕೊರೆಯುವವನಿಗೆ ಬೇಜಾರು, ನನಗೆ ಖುಷಿ. ಪೈಪಿನ ಸುತ್ತಲಿನ ಸಂದಿಯನ್ನು ಬೆಂಟೊನೈಟ್ ಮಣ್ಣಿನ ಗಾರೆಯಿಂದ ಕೆಳಗಿನಿಂದ ಮೇಲಕ್ಕೆ ತುಂಬಬೇಕು. ಮೇಲಿನಿಂದ ಸುಮ್ನೆ ಸುರಿದು ಮುಚ್ಚಿದರೆ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಗಾಳಿ ಇದ್ದಲ್ಲಿ ಶಾಖ ದಾಟುವುದಿಲ್ಲ. ಆಮೇಲೆ ಯಾರೂ ಅಗೆದು ನೋಡುವಂತೆಯೂ ಇಲ್ಲ. ಈ ಕೆಲಸ ನಡೆಯುವ ದಿನ ನಾನು ತಪ್ಪದೆ ಸ್ಥಳದಲ್ಲೇ ನಿಂತಿರುತ್ತೇನೆ.

ಇನ್ನೊಂದು ವಿಷಯವನ್ನು ಮಾರುವವರು ಬಾಯಿಬಿಟ್ಟು ಹೇಳುವುದಿಲ್ಲ. ನೆಲ ಎಂದೂ ಬತ್ತದ ಬಾವಿಯಲ್ಲ. ಖರ್ಚು ಉಳಿಸಲು ಬೋರಿನ ಉದ್ದ ಕಡಿಮೆ ಮಾಡಿದ ಮನೆಯೊಂದನ್ನು ನೋಡಿದ್ದೇನೆ. ಮೊದಲ ವರ್ಷ ಎಲ್ಲ ಚೆನ್ನಾಗಿತ್ತು. ಮೂರನೇ ಚಳಿಗಾಲಕ್ಕೆ ನೆಲದಿಂದ ವಾಪಸ್ ಬರುವ ದ್ರವ ಮೊದಲಿಗಿಂತ ಸಾಕಷ್ಟು ತಣ್ಣಗಾಗಿತ್ತು. ಸುತ್ತಲಿನ ಮಣ್ಣು ಕಳೆದುಕೊಂಡ ಶಾಖವನ್ನು ಮತ್ತೆ ತುಂಬಿಕೊಳ್ಳಲು ಆಗುತ್ತಿರಲಿಲ್ಲ. ಬೇಸಿಗೆಯಲ್ಲಿ ಮನೆಯ ಶಾಖವನ್ನು ಅದೇ ಬೋರಿಗೆ ಇಳಿಸುವ ವ್ಯವಸ್ಥೆ ಮಾಡಿದ ಮೇಲೆ ಅದು ಚೇತರಿಸಿಕೊಂಡಿತು. ವರ್ಷವಿಡೀ ಸೆಕೆ ಇರುವ ಕಡೆ ಇದರ ಉಲ್ಟಾ ಆಗುತ್ತದೆ. ಬರೀ ತಂಪಿಗೆಂದು ಶಾಖವನ್ನು ಇಳಿಸುತ್ತಲೇ ಹೋದರೆ ನೆಲ ವರ್ಷದಿಂದ ವರ್ಷಕ್ಕೆ ಬಿಸಿಯಾಗುತ್ತದೆ. ಅಂಥ ಹವೆಯಲ್ಲಿ ಒಂದೇ ಮನೆಗಾಗಿ ಬೋರ್ ಕೊರೆಸಿ ಎಂದು ನಾನು ಸುಲಭಕ್ಕೆ ಹೇಳುವುದಿಲ್ಲ. ನೆಲದ ಬದಲು ಹೊರಗಿನ ಗಾಳಿಯನ್ನೇ ಬಳಸುವ, ಅಂದರೆ ಗಾಳಿ ಮೂಲದ, ಒಳ್ಳೆಯ ಯಂತ್ರ, ಕಿಟಕಿಗೆ ಹೊರಗಿನಿಂದ ನೆರಳು, ಇವೇ ಸಾಕು.

ಚಳಿಗಾಲ, ಬೇಸಿಗೆ ಎರಡೂ ಇರುವ ಕಡೆ ಮಾತ್ರ ನೆಲದ ಸೊಗಸೇ ಬೇರೆ. ಬೇಸಿಗೆಯಲ್ಲಿ ಕಂಪ್ರೆಸರನ್ನೇ ಓಡಿಸದೆ, ನೆಲದ ತಂಪನ್ನು ಸಣ್ಣ ಪಂಪಿನಿಂದ ಮನೆಯ ನೆಲಹಾಸಿನ ಪೈಪುಗಳಲ್ಲಿ ಸುತ್ತಿಸಿದರೆ ಸಾಕು. ಕರೆಂಟ್ ಖರ್ಚು ಬಲ್ಬ್ ಉರಿಸಿದಷ್ಟು. ಆದರೆ ತೇವದ ಬಗ್ಗೆ ಎಚ್ಚರ ಬೇಕು. 28 ಡಿಗ್ರಿಯ ಗಾಳಿಯಲ್ಲಿ 75 ಶೇಕಡಾ ತೇವಾಂಶ ಇದ್ದರೆ, 23 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲಾದರೂ ನೀರು ಕೂರುತ್ತದೆ. ನೆಲ ಬೆವರುತ್ತದೆ, ಕಾಲು ಜಾರುತ್ತದೆ. ಅದಕ್ಕೇ ಜೊತೆಗೆ ತೇವ ತೆಗೆಯುವ ಯಂತ್ರ ಬೇಕು.

ಗಾಳಿ ಮೂಲದ ಯಂತ್ರದ ಬಗ್ಗೆ ಬರುವ ದೂರುಗಳಲ್ಲಿ ಅರ್ಧ ಹೊಗೆಯದ್ದು. ಹೊರಗಿನ ಘಟಕದ ಮೇಲೆ ಹಿಮ ಕಟ್ಟುತ್ತದೆ. ಯಂತ್ರ ಕೆಲ ನಿಮಿಷ ಉಲ್ಟಾ ಓಡಿ ಅದನ್ನು ಕರಗಿಸುತ್ತದೆ, ಆವಿ ಏಳುತ್ತದೆ. ಬೆಂಕಿ ಬಿದ್ದಿದೆ ಎಂದು ಗಾಬರಿಯಿಂದ ಫೋನ್ ಬರುತ್ತದೆ. ಗಾಬರಿ ಬೇಡ. ಚಳಿ ನಾಡಿನಲ್ಲಿ ಇದು ನಡೆಯುವುದಿಲ್ಲ ಎನ್ನುವವರಿಗೆ ನಾರ್ವೆಯೇ ಉತ್ತರ. ಅಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಹೀಟ್ ಪಂಪ್ ಇದೆ.

"ಇರಲಿ ಬಿಡಿ, ಸ್ವಲ್ಪ ದೊಡ್ಡದೇ ಹಾಕಿ" ಎನ್ನುವ ಮಾತು ಕೇಳಿದರೆ ಮಾತ್ರ ನನಗೆ ಗಾಬರಿಯಾಗುತ್ತದೆ. ದೊಡ್ಡ ಯಂತ್ರ ಐದು ನಿಮಿಷ ಓಡಿ ನಿಲ್ಲುತ್ತದೆ, ಮತ್ತೆ ಓಡುತ್ತದೆ. ಹೀಗೆ ಪದೇ ಪದೇ ಆದರೆ ಕಂಪ್ರೆಸರ್ ಬೇಗ ಸವೆಯುತ್ತದೆ. ಆ ದುಡ್ಡನ್ನು ಚಾವಣಿಯ ಶಾಖನಿರೋಧಕಕ್ಕೂ ಬಾಗಿಲ ಸಂದಿಗಳಿಗೂ ಹಾಕಿ, ಯಂತ್ರ ಚಿಕ್ಕದೇ ಸಾಕಾಗುತ್ತದೆ. ರಾತ್ರಿ ಪೂರ್ತಿ ಆರಿಸಿಡುವ ಅಭ್ಯಾಸವೂ ಬೇಡ. ಬೆಳಿಗ್ಗೆ ಮನೆಯನ್ನು ಒಮ್ಮೆಲೇ ಬಿಸಿ ಮಾಡಲು ಹೋಗಿ ಒಳಗಿನ ಕಾಯಿಲ್ ಹೀಟರ್ ಉರಿಯಲು ಶುರುವಾಗುತ್ತದೆ. ಅದು ಒಂದಕ್ಕೆ ಒಂದೇ ಕೊಡುವ ಸಾಮಾನು.

ಹಾಕಿಸುವ ಮೊದಲು ಗುತ್ತಿಗೆದಾರರಿಗೆ ಒಂದೇ ಪ್ರಶ್ನೆ ಕೇಳಿ: "ವರ್ಷದ ಅತಿ ಚಳಿಯ ದಿನ ನಮ್ಮ ರೇಡಿಯೇಟರಿಗೆ ಎಷ್ಟು ಡಿಗ್ರಿ ನೀರು ಹೋಗುತ್ತೆ?" ಕೋಣೆಕೋಣೆಯ ಲೆಕ್ಕದ ಹಾಳೆ ತೆಗೆದು 40, 45 ಎಂದು ತೋರಿಸಿದರೆ ಮಾತು ಮುಂದುವರಿಸಿ. "ಅದನ್ನೆಲ್ಲ ಯಂತ್ರವೇ ನೋಡ್ಕೊಳ್ಳುತ್ತೆ" ಎಂದರೆ ಇನ್ನೊಬ್ಬರನ್ನು ಕರೆಸಿ.