ಮುಂದಿನ ಮೇಜಿನ ಮೇಲೆ ಯಾವ ಪುಸ್ತಕ?

2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲೆ ಬಾನು ಮುಷ್ತಾಕ್ ಅವರ ಕಥೆಗಳನ್ನು ಅಂಗಡಿಯ ಮುಂಭಾಗದಲ್ಲಿ ಜೋಡಿಸಲು ಯಾರೂ ಯೋಚಿಸಬೇಕಿರಲಿಲ್ಲ. ಆದರೆ ಅವರು ಹಾಸನದಲ್ಲಿದ್ದುಕೊಂಡೇ ದಶಕಗಳಿಂದ ಬರೆಯುತ್ತಿದ್ದವರು. ಪ್ರಶಸ್ತಿಗೆ ಮೊದಲು ಅಂಥ ಪುಸ್ತಕವನ್ನು ಗಿರಾಕಿಯ ಕಣ್ಣಿಗೆ ಬೀಳುವಂತೆ ಇಡಬೇಕೋ ಬೇಡವೋ ಎಂದು ತೀರ್ಮಾನಿಸುವವರು ಯಾರು? ಊರೂರಿಗೆ ಶಾಖೆ ತೆರೆಯುವ ಪುಸ್ತಕ ಮಳಿಗೆಗಳ ಏಳುಬೀಳಿನಲ್ಲಿ ಈ ಪ್ರಶ್ನೆಗೆ ದೊಡ್ಡ ಪಾಲಿದೆ.

ಜಿಲ್ಲಾ ಕೇಂದ್ರದ ಪುಸ್ತಕದಂಗಡಿಗೆ ಕಥೆ, ಕಾದಂಬರಿಗಳಿಂದ ಹೊಟ್ಟೆ ತುಂಬುವುದಿಲ್ಲ. ಶಾಲೆ ಆರಂಭವಾಗುವ ದಿನಗಳ ನೋಟ್‌ಬುಕ್, ಗೈಡ್, ಆಮೇಲೆ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳೇ ಬಾಡಿಗೆ ಕಟ್ಟುತ್ತವೆ. 1967ರಲ್ಲಿ ಸುರೇಶ್ ಷಾ ಬೆಂಗಳೂರಿನಲ್ಲಿ ಆರಂಭಿಸಿದ ಸಪ್ನ ಬುಕ್ ಹೌಸ್ ಹಲವು ನಗರಗಳಿಗೆ ಹರಡಿದ್ದೂ ಪಠ್ಯ, ಲೇಖನ ಸಾಮಗ್ರಿ, ಸಾಹಿತ್ಯ ಎಲ್ಲವನ್ನೂ ಒಂದೇ ಸೂರಿನಡಿ ಇಟ್ಟುಕೊಂಡೇ.

ಅಮೆರಿಕದಲ್ಲಿ ದಾರಿ ಬೇರೆಯಾಗಿತ್ತು. ಲಿಯೊನಾರ್ಡ್ ರಿಗಿಯೊ 1971ರಲ್ಲಿ ಬಾರ್ನ್ಸ್ ಅಂಡ್ ನೋಬಲ್ ಎಂಬ ಪುಸ್ತಕದಂಗಡಿಯನ್ನು ಕೊಂಡು, ಕುರ್ಚಿ, ಕಾಫಿ ಸಮೇತ ಭಾರಿ ಮಳಿಗೆಗಳನ್ನು ಕಟ್ಟಿದರು. ಸಣ್ಣ ಅಂಗಡಿಗಳು ನಲುಗಿದವು. 1995ರಲ್ಲಿ ಅಮೆಜಾನ್ ಪುಸ್ತಕ ಮಾರತೊಡಗಿದ ಮೇಲೆ ನಲುಗುವ ಸರದಿ ದೊಡ್ಡವರದಾಯಿತು. ಬಾರ್ನ್ಸ್ ಅಂಡ್ ನೋಬಲ್‌ನ ಪ್ರತಿಸ್ಪರ್ಧಿ ಸರಣಿ ಬಾರ್ಡರ್ಸ್ 2011ರಲ್ಲಿ ಬಾಗಿಲು ಹಾಕಿತು.

ಅದೇ ವರ್ಷ ಬ್ರಿಟನ್ನಿನಲ್ಲಿ, ಸೊರಗಿದ್ದ ವಾಟರ್‌ಸ್ಟೋನ್ಸ್ ಪುಸ್ತಕ ಮಳಿಗೆ ಸರಣಿಯ ಹೊಣೆ ಜೇಮ್ಸ್ ಡಾಂಟ್ ಅವರಿಗೆ ಬಂತು. ಬ್ಯಾಂಕ್ ಕೆಲಸ ಬಿಟ್ಟು 1990ರಲ್ಲಿ ಲಂಡನ್ನಿನಲ್ಲಿ ಸ್ವಂತ ಅಂಗಡಿ ತೆರೆದಿದ್ದ ಮನುಷ್ಯ. ಅಲ್ಲಿಯವರೆಗೆ ಪ್ರಕಾಶಕರು ಹಣ ತೆತ್ತು ಮುಂದಿನ ಮೇಜನ್ನೂ ಕಿಟಕಿಯನ್ನೂ ಹಿಡಿಯುತ್ತಿದ್ದರು. ಹಾಗೆ ತುಂಬಿಸಿದ ಪುಸ್ತಕಗಳಲ್ಲಿ ಎಷ್ಟೋ ಮಾರಾಟವಾಗದೆ ಪೆಟ್ಟಿಗೆ ಕಟ್ಟಿಸಿಕೊಂಡು ಪ್ರಕಾಶಕರಿಗೆ ಹಿಂದಿರುಗಿದರೂ ಅಂಗಡಿಯ ಲೆಕ್ಕದಲ್ಲಿ ಅವರು ತೆತ್ತ ಹಣ ಆದಾಯವೇ! ಡಾಂಟ್ ಆ ಹಣವನ್ನು ಬೇಡವೆಂದರು. ಯಾವ ಪುಸ್ತಕ ಎಲ್ಲಿರಬೇಕೆಂಬುದನ್ನು ಆಯಾ ಊರಿನ ಅಂಗಡಿಯವರಿಗೇ ಬಿಟ್ಟರು. ವಾಪಸಾಗುವ ಪ್ರತಿಗಳು ಇಳಿದವು, ಕೆಲವೇ ವರ್ಷಗಳಲ್ಲಿ ಸಂಸ್ಥೆ ಲಾಭ ಕಂಡಿತು. 2019ರಲ್ಲಿ ಎಲಿಯಟ್ ಎಂಬ ಹೂಡಿಕೆ ಸಂಸ್ಥೆ ಬಾರ್ನ್ಸ್ ಅಂಡ್ ನೋಬಲ್ ಅನ್ನೂ ಕೊಂಡು ಅವರ ಕೈಗಿಟ್ಟಿತು. ಮುಚ್ಚುತ್ತಲೇ ಬಂದಿದ್ದ ಆ ಸರಣಿ 2024ರಲ್ಲಿ 50ಕ್ಕೂ ಹೆಚ್ಚು ಹೊಸ ಮಳಿಗೆ ತೆರೆಯಿತು.

ಇದನ್ನು ಪವಾಡವೆಂದು ಹೊಗಳುವವರು ಒಂದು ವಿಷಯವನ್ನು ಮರೆಯುತ್ತಾರೆ. ಪುಸ್ತಕ ಆರಿಸುವ ಹೊಣೆ ಹೊತ್ತ ವಾಟರ್‌ಸ್ಟೋನ್ಸ್ ಸಿಬ್ಬಂದಿ 2019ರಲ್ಲಿ ಬದುಕಲು ಸಾಲುವಷ್ಟು ಸಂಬಳ ಕೊಡಿ ಎಂದು ಮನವಿ ಸಲ್ಲಿಸಬೇಕಾಯಿತು. ನೂರಾರು ಲೇಖಕರು ಅವರ ಬೆನ್ನಿಗೆ ನಿಂತರು. ಸಂಸ್ಥೆಗೆ ಅಷ್ಟು ಶಕ್ತಿಯಿಲ್ಲ ಎಂಬುದೇ ಡಾಂಟ್ ಕೊಟ್ಟ ಉತ್ತರ.

ನಮ್ಮಲ್ಲಿ ಈ ಪಾಠ ಕಲಿಯಲು ದೂರ ಹೋಗಬೇಕಿಲ್ಲ. ಗೊರೂರಿನ ರಾಮಸ್ವಾಮಿ ಅಯ್ಯಂಗಾರ್, ಸಂತೇಶಿವರದ ಭೈರಪ್ಪ, ಇದೀಗ ಬಾನು ಮುಷ್ತಾಕ್: ಹಾಸನ ಜಿಲ್ಲೆಯ ಮೇಜು ತುಂಬಲು ಇಷ್ಟು ಸಾಕು. ಹಾಸನದಲ್ಲಿ ಶಾಖೆ ತೆರೆಯುವ ಉದ್ಯಮಿ ಬೆಂಗಳೂರಿನಿಂದ ಪಟ್ಟಿ ಕಳುಹಿಸುವ ಬದಲು, ಇವರನ್ನು ಓದಿರುವ ಒಬ್ಬರನ್ನು ಒಳ್ಳೆಯ ಸಂಬಳ ಕೊಟ್ಟು ಇಟ್ಟುಕೊಳ್ಳಲಿ. ಗೈಡುಗಳನ್ನು ಹಿಂದಿನ ಸಾಲಿನಲ್ಲಿಟ್ಟರೂ ವಿದ್ಯಾರ್ಥಿಗಳು ಹುಡುಕಿಕೊಂಡು ಬಂದೇ ಬರುತ್ತಾರೆ.