ಎರಡು ಭಾಷೆ, ಎರಡು ಫಲಿತಾಂಶ: ರಾಜಕೀಯ ಕ್ವಿಜ್ ನಂಬಬಹುದೇ?

ಪ್ರಶ್ನೆ: ಆನ್‌ಲೈನ್‌ನಲ್ಲಿ ಒಂದು ರಾಜಕೀಯ ಕ್ವಿಜ್ ಅನ್ನು ಇಂಗ್ಲಿಷ್‌ನಲ್ಲಿ ಮಾಡಿದೆ. ಎಡಪಂಥೀಯ ಅಂತ ಬಂತು. ಅದೇ ಪ್ರಶ್ನೆಗಳನ್ನು ತಂಗಿ ಎದುರು ಕೂತು ಕನ್ನಡದಲ್ಲಿ ಕೇಳಿದಳು, ಬಲಕ್ಕೆ ಹೋದೆ. ನನ್ನ ನಿಜವಾದ ನಿಲುವು ಯಾವುದು? (ತೀರ್ಥಹಳ್ಳಿಯ ಓದುಗರು)

ಎರಡೂ ಅಲ್ಲ. ಚುನಾವಣೆ ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ, ಊರಿನ ಹೆಸರು ಮಾತ್ರ ಬೇರೆ. ಉತ್ತರ ಹೇಳಿದ ಮೇಲೂ ಕೇಳುವವರು ಅದೇ ನಂಬಿಕೆ ಹಿಡಿದುಕೊಂಡೇ ಎದ್ದು ಹೋಗುತ್ತಾರೆ: ಥರ್ಮಾಮೀಟರ್ ಜ್ವರ ಹೇಳುವ ಹಾಗೆ ಕ್ವಿಜ್ ನಮ್ಮೊಳಗಿನ ರಾಜಕೀಯ ಹೇಳುತ್ತದೆ ಅಂತ. ಹೇಳುವುದಿಲ್ಲ ಮಾರಾಯ್ರೆ!

ಹೆಚ್ಚು ಜನ ಮಾಡುವ ಪೊಲಿಟಿಕಲ್ ಕಂಪಾಸ್ 2001ರಿಂದ ಇದೆ. 62 ಹೇಳಿಕೆ, ಪ್ರತಿಯೊಂದಕ್ಕೂ ನಾಲ್ಕೇ ಆಯ್ಕೆ. ಗೊತ್ತಿಲ್ಲ ಅನ್ನಲು ಜಾಗವಿಲ್ಲ, ಸಂದರ್ಭ ನೋಡಿ ಹೇಳುತ್ತೇನೆ ಅನ್ನಲೂ ಇಲ್ಲ. ಅಭಿಪ್ರಾಯವೇ ಇಲ್ಲದ ಕಡೆಯೂ ಒಂದನ್ನು ಒತ್ತಲೇಬೇಕು, ಆ ಒತ್ತಿದ್ದೂ ಲೆಕ್ಕಕ್ಕೆ ಸೇರುತ್ತದೆ, ಕೊನೆಗೆ ನಕ್ಷೆಯ ಮೇಲೆ ನಿಮ್ಮ ನಿಲುವು ಎಂದು ಒಂದು ಚುಕ್ಕಿ ಬೀಳುತ್ತದೆ. ಹೇಳಿಕೆ ಏನೇ ಇರಲಿ, 'ಒಪ್ಪುತ್ತೇನೆ' ಅನ್ನುವ ಕಡೆಗೇ ಜನ ವಾಲುತ್ತಾರೆ ಎನ್ನುವುದು ಸಮೀಕ್ಷೆ ಮಾಡುವವರಿಗೆಲ್ಲ ಹಳೆಯ ತಲೆನೋವು. ಹತ್ತೇ ಪ್ರಶ್ನೆಯ ಇನ್ನೊಂದು ಅಮೆರಿಕನ್ ಕ್ವಿಜ್ ಇದೆಯಲ್ಲ, ಅದರ ನಕ್ಷೆ ಡೇವಿಡ್ ನೋಲನ್ ಅವರದ್ದು. 1971ರಲ್ಲಿ ಅಲ್ಲಿ, ಸರ್ಕಾರದ ಕೈ ಆದಷ್ಟು ಕಡಿಮೆ ಇರಲಿ ಅನ್ನುವ ಲಿಬರ್ಟೇರಿಯನ್ ಪಕ್ಷ ಕಟ್ಟಿದವರಲ್ಲಿ ಅವರೂ ಒಬ್ಬರು. ಗೆರೆ ಎಳೆದವರಿಗೂ ಒಂದು ಪಕ್ಷವಿತ್ತು ಅಂದ ಹಾಗಾಯಿತು.

ಎಡ-ಬಲ ಅನ್ನುವ ಗೆರೆಯ ಕಥೆಯೂ ಅಷ್ಟೆ. 1789ರಲ್ಲಿ ಫ್ರಾನ್ಸಿನ ಸಭೆಯಲ್ಲಿ ರಾಜನ ಕಡೆಯವರು ಅಧ್ಯಕ್ಷರ ಬಲಕ್ಕೆ ಕೂತರು, ವಿರೋಧಿಗಳು ಎಡಕ್ಕೆ. ಈಗ ಅದರ ಮೇಲೆ ನಮ್ಮ ಸಾಗರ, ಹೊಸನಗರದವರನ್ನು ಕೂರಿಸಿ ನೋಡಿ. 1951ರಲ್ಲಿ ಕಾಗೋಡಿನ ಗೇಣಿದಾರರು ಭೂಮಾಲೀಕರ ವಿರುದ್ಧ ಸತ್ಯಾಗ್ರಹ ಹೂಡಿದರು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಎಡ ಅನ್ನೋಣ. 1974ರ ಭೂ ಸುಧಾರಣೆಯಲ್ಲಿ ಅಂಥ ಎಷ್ಟೋ ಮನೆಗಳಿಗೆ ಜಮೀನು ಬಂತು, ಅಡಿಕೆ ಎದ್ದಿತು. ಇವತ್ತು ಅದೇ ಮನೆಯವರು ಹೊರದೇಶದ ಅಡಿಕೆ ಅಗ್ಗಕ್ಕೆ ಬರಬಾರದು, ಸರ್ಕಾರ ತಡೆಯಬೇಕು ಅನ್ನುತ್ತಾರೆ. 2023ರಲ್ಲಿ ಕನಿಷ್ಠ ಆಮದು ಬೆಲೆ ಕೆಜಿಗೆ 251ರಿಂದ 351 ರೂಪಾಯಿಗೆ ಏರಿದಾಗ ಅವರಿಗೆ ಸಮಾಧಾನ. ಆದರೆ ಬಗರ್‌ಹುಕುಂ ಜಮೀನಿಗೆ ಅರಣ್ಯ ಇಲಾಖೆ ಕಾಲಿಟ್ಟರೆ ಸರ್ಕಾರಕ್ಕೆ ಇಲ್ಲೇನು ಕೆಲಸ ಅನ್ನುತ್ತಾರೆ. ಪಶ್ಚಿಮ ಘಟ್ಟ ಉಳಿಸಲು ನಿರ್ಬಂಧ ಸೂಚಿಸಿದ ಕಸ್ತೂರಿರಂಗನ್ ವರದಿ ಎಂದರೆ ಪಕ್ಷಭೇದವಿಲ್ಲದೆ ಸಿಟ್ಟು. ಇದರಲ್ಲಿ ಗೊಂದಲವೇನೂ ಇಲ್ಲ, ತೋಟ ಇಟ್ಟುಕೊಂಡವರ ಸರಿಯಾದ ಲೆಕ್ಕಾಚಾರವೇ ಇದೆ. ಗೇಣಿ, ಬಗರ್‌ಹುಕುಂ, ಅಣೆಕಟ್ಟಿನ ಮುಳುಗಡೆ ಯಾವುದನ್ನೂ ಕೇಳದ ಕ್ವಿಜ್ ಇವರ ಚುಕ್ಕಿಯನ್ನು ಎಲ್ಲಿ ಇಟ್ಟರೇನು?

ಇನ್ನು ಭಾಷೆ. ಅದರ ಪಾತ್ರ ಇದೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸೇತುವೆಯಿಂದ ಒಬ್ಬನನ್ನು ತಳ್ಳಿ ಐವರನ್ನು ಉಳಿಸುತ್ತೀರಾ ಎಂಬ ಪ್ರಶ್ನೆಗೆ, ಕಲಿತ ಭಾಷೆಯಲ್ಲಿ ಓದಿದವರು ತಾಯ್ನುಡಿಯಲ್ಲಿ ಓದಿದವರಿಗಿಂತ ಹೆಚ್ಚಾಗಿ ಹೌದು ಅಂದರು. ಕಲಿತ ಭಾಷೆ ಮನಸ್ಸಿಗೆ ಅಷ್ಟು ತಾಗುವುದಿಲ್ಲ ಅನ್ನುವುದು ಒಂದು ವಿವರಣೆ. ಇದನ್ನು ಹಿಡಿದು ಇಂಗ್ಲಿಷ್‌ನಲ್ಲಿ ಯೋಚಿಸಿದರೆ ನಿಷ್ಪಕ್ಷಪಾತ ಅಂತ ಹೊರಡುವವರಿದ್ದಾರೆ. ತಾಗದೇ ಇರುವುದು ಬೇರೆ, ಸರಿಯಾಗಿ ತೂಗುವುದು ಬೇರೆ.

ಆದರೆ ನಿಮ್ಮ ವಿಷಯದಲ್ಲಿ ನನ್ನ ಅನುಮಾನ ಭಾಷೆಯ ಮೇಲಲ್ಲ, ತಂಗಿಯ ಮೇಲೆ. ಮೊದಲ ಸಲ ನೀವು ಮೊಬೈಲಿನ ಜೊತೆ ಒಬ್ಬರೇ ಇದ್ದಿರಿ. ಎರಡನೇ ಸಲ ಮದುವೆ, ದೇವರು, ಮರಣದಂಡನೆಯ ಪ್ರಶ್ನೆಗಳನ್ನು ಮನೆಯವರೇ ಕೇಳಿದರು. ಅಪ್ಪನಿಗೆ ಕೇಳಿಸುವ ದೂರದಲ್ಲಿ ಉತ್ತರಿಸಿದಿರೋ ಏನೋ!

ಯಾರೂ ಕೇಳದಿದ್ದರೂ ಹೇಳಿಬಿಡುತ್ತೇನೆ: ಇಂಗ್ಲಿಷ್ ಕಲಿಯಲು ಈ ಕ್ವಿಜ್‌ಗಳು ಬಹಳ ಒಳ್ಳೆಯವು. ಶಿವಮೊಗ್ಗದ ನನ್ನ ಸಂಜೆ ತರಗತಿಗೆ ಅಂಗಡಿಯವರು, ಮಂಡಿಯ ಗುಮಾಸ್ತರು, ಬೆಂಗಳೂರಿನ ಮಗನ ಮನೆಗೆ ಹೋಗಬೇಕಾದ ಅಮ್ಮಂದಿರು ಬರುತ್ತಾರೆ. ಹೆಸರು, ಊರು, ಹವ್ಯಾಸ ಹೇಳಿ ಅಂದರೆ ನೆಲ ನೋಡುತ್ತಾರೆ. ಶ್ರೀಮಂತರ ಮೇಲೆ ತೆರಿಗೆ ಜಾಸ್ತಿಯಾಯಿತು ಎಂದು ಬೋರ್ಡಿನ ಮೇಲೆ ಇಂಗ್ಲಿಷ್‌ನಲ್ಲಿ ಬರೆದರೆ ಸಾಕು, ವ್ಯಾಕರಣ ಎಲ್ಲೋ ಬಿದ್ದಿರುತ್ತದೆ, ಮಾತು ನಿಲ್ಲುವುದಿಲ್ಲ. ಜಗಳ ಮುಗಿಯುವವರೆಗೆ ನಾನು ತಿದ್ದುವುದಿಲ್ಲ. ಕೊನೆಗೆ ಎರಡು ಮೂರು ತಪ್ಪು ಆರಿಸಿ ಹೇಳುತ್ತೇನೆ, ಅವು ನೆನಪಲ್ಲಿ ಉಳಿಯುತ್ತವೆ. ಭದ್ರಾವತಿಯ ತಮಿಳು ಮನೆಗಳಿಗೆ, ನಮ್ಮ ಕೊಂಕಣಿ, ತುಳು, ಉರ್ದು, ಲಂಬಾಣಿ ಮನೆಗಳಿಗೆ ಕನ್ನಡ ಬಂದದ್ದೂ ಸಂತೆ, ಶಾಲೆಯ ಅಂಗಳ, ಬಸ್ಸಿನ ಸೀಟಿನ ಜಗಳಗಳಿಂದಲೇ. ಮೊದಲು ವಿಭಕ್ತಿ ಕಲಿತು ಆಮೇಲೆ ಬಾಯಿ ಬಿಟ್ಟವರು ಯಾರಿದ್ದಾರೆ?

ಹಾಗಾಗಿ ಕ್ವಿಜ್ ಬಿಡಬೇಡಿ, ಚುಕ್ಕಿ ಬಿಡಿ. ಓಟಿಗೇ ಸಹಾಯ ಬೇಕು ಅನ್ನುವುದಾದರೆ ಜರ್ಮನಿಯ ವಾಲ್-ಓ-ಮಾಟ್ ಕ್ರಮ ನೋಡಿ. 2002ರಿಂದ ಇರುವ ಅದರಲ್ಲಿ ಅದೇ ಹೇಳಿಕೆಗಳಿಗೆ ಪಕ್ಷಗಳೂ ಉತ್ತರ ಕೊಟ್ಟಿರುತ್ತವೆ, ನಮ್ಮದನ್ನು ಅದರ ಜೊತೆ ಹೋಲಿಸಬಹುದು. ಪ್ರಣಾಳಿಕೆಗಳನ್ನು ಪಕ್ಕಕ್ಕಿಟ್ಟುಕೊಂಡರೆ ಅದನ್ನೇ ನೀವು, ನಿಮ್ಮ ತಂಗಿ ಒಂದು ಸಂಜೆ ಮಾಡಬಹುದು. ಈ ಸಲ ಅವಳು ಇಂಗ್ಲಿಷ್‌ನಲ್ಲಿ ಉತ್ತರಿಸಲಿ, ನೀವು ಕಾರಣ ಕೇಳಿ.