ನೋಟು ಮುರಿಸುವ ಸಂಕಟ, ಸ್ಕ್ಯಾನ್ ಮಾಡುವ ಸಲೀಸು

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಒಂದು ಮಾರು ಮಲ್ಲಿಗೆಗಾಗಿ ಐನೂರರ ನೋಟು ಮುರಿಸಲು ಹಿಂದೆಮುಂದೆ ನೋಡುವವರು, ಅದೇ ಹೂವಿಗೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಎರಡು ಮಾರು ಕೊಳ್ಳುತ್ತಾರೆ. ಹೂವಿನ ಬೆಲೆ ಬದಲಾಗಿಲ್ಲ. ದುಡ್ಡು ಕೈಬಿಡುವಾಗಿನ ಸಂಕಟ ಮಾತ್ರ ಕಮ್ಮಿಯಾಗಿದೆ.

ಈ ವ್ಯತ್ಯಾಸವನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರಾದ ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ ಅಳೆದು ತೋರಿಸಿದ್ದಾರೆ. 2001ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಬಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್‌ಗೆ ತಾವು ಕೊಡಬಲ್ಲ ಬೆಲೆ ಬರೆದುಕೊಟ್ಟರು. ಕಾರ್ಡಿನಲ್ಲಿ ಕಟ್ಟಬೇಕೆಂದು ತಿಳಿದವರು ಬರೆದ ಬೆಲೆ, ನಗದು ಕೊಡಬೇಕಾದವರದ್ದಕ್ಕಿಂತ ಸರಾಸರಿ ಸುಮಾರು ಎರಡು ಪಟ್ಟಿತ್ತು. ಎಲ್ಲ ಸರಕಿಗೂ ಹೀಗಾಗದು. ಸಕ್ಕರೆ, ಹಾಲಿನಂತೆ ಬೆಲೆ ಬಾಯಿಪಾಠವಾಗಿರುವ ಕಡೆ ಮೋಸಹೋಗುವುದು ಕಷ್ಟ. ಮಂಡ್ಯದ ಪೇಟೆಬೀದಿಯಲ್ಲಿ ಹಬ್ಬದ ಸೀರೆ ಆರಿಸುವಾಗ ಎಚ್ಚರ ಬೇಕು.

ಯುಪಿಐ ಸಾಲವಲ್ಲ, ದುಡ್ಡು ತಕ್ಷಣವೇ ಖಾತೆಯಿಂದ ಹೋಗುತ್ತದೆ. ಆದರೆ ನೋಟು ಎಣಿಸುವುದು, ಚಿಲ್ಲರೆ ವಾಪಸ್ ಪಡೆಯುವುದು, ಪರ್ಸು ತೆಳುವಾಗುವುದು ಯಾವುದೂ ಕಣ್ಣಿಗೆ ಬೀಳದು. ಮೊತ್ತವನ್ನು ಕೂಗಿ ಹೇಳುವ ಪೆಟ್ಟಿಗೆ ಇರುವುದೂ ಅಂಗಡಿಯವರ ಅನುಕೂಲಕ್ಕೆ. ನಮ್ಮನ್ನು ಒಂದು ಕ್ಷಣ ತಡೆಯುವುದು ಪಿನ್ ಒಂದೇ. ಸಣ್ಣ ಪಾವತಿಗೆಂದು ಮೊದಲೇ ದುಡ್ಡು ತುಂಬಿಟ್ಟುಕೊಳ್ಳುವ ಯುಪಿಐ ಲೈಟ್‌ನಲ್ಲಿ ಅದೂ ಇಲ್ಲ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಲೈಟ್‌ಗೆ ತುಂಬಿದ ಮೊತ್ತ ಮಾತ್ರ ಕಾಣುತ್ತದೆ. ಟೀ, ಚುರುಮುರಿ, ಆಟೋ ಎಂದು ಬಿಡಿಬಿಡಿಯಾಗಿ ಹೋದದ್ದು ಕಾಣುವುದಿಲ್ಲ. ತಾನಾಗಿ ತುಂಬಿಕೊಳ್ಳುವ ಆಟೋ ಟಾಪ್‌ಅಪ್ ಚಾಲೂ ಇದ್ದರೆ ದುಡ್ಡು ಮುಗಿದದ್ದೂ ತಿಳಿಯದು. ಮೊದಲು ಅದನ್ನು ನಿಲ್ಲಿಸಿ.

ಸಂಬಳ ಬೀಳುವ ಖಾತೆಯನ್ನು ಯುಪಿಐಗೆ ಜೋಡಿಸದಿರುವುದು ಇನ್ನೂ ಒಳ್ಳೆಯದು. ಬೇರೊಂದು ಉಳಿತಾಯ ಖಾತೆಗೆ ಪ್ರತಿ ಸೋಮವಾರ ವಾರದ ಕೈಖರ್ಚು ಹಾಕಿ, ಅದನ್ನಷ್ಟೇ ಜೋಡಿಸಿ. ಮಿನಿಮಮ್ ಬ್ಯಾಲೆನ್ಸ್ ನಿಯಮವಿಲ್ಲದ ಖಾತೆ ಆರಿಸಿ, ಇಲ್ಲದಿದ್ದರೆ ದಂಡ ಬೀಳುತ್ತದೆ. ಬಾಡಿಗೆ, ಕರೆಂಟ್ ಬಿಲ್ಲನ್ನು ಹೇಗೆ ಕಟ್ಟಿದರೂ ಮೊತ್ತ ಅಷ್ಟೇ, ಅವನ್ನು ನಗದಿಗೆ ತರುವುದು ವ್ಯರ್ಥ ಶ್ರಮ. ಬೇಕರಿ, ಹೋಟೆಲ್, ಬಟ್ಟೆಗೆ ಮಾತ್ರ ನಗದು ಇಟ್ಟುಕೊಳ್ಳಿ, ಅದೂ ದೊಡ್ಡ ನೋಟಿನಲ್ಲಿ. ಸಂಶೋಧಕರಾದ ಪ್ರಿಯಾ ರಘುಬೀರ್ ಮತ್ತು ಜಾಯ್‌ದೀಪ್ ಶ್ರೀವಾಸ್ತವ 2009ರಲ್ಲಿ ತೋರಿಸಿದಂತೆ, ಒಂದು ಡಾಲರಿನ ನೋಟು ಕೈಯಲ್ಲಿದ್ದವರಿಗಿಂತ ಅದೇ ಮೌಲ್ಯದ ನಾಲ್ಕು ನಾಣ್ಯ ಇದ್ದವರು ಸುಲಭವಾಗಿ ಖರ್ಚು ಮಾಡುತ್ತಾರೆ. ನೋಟು ಒಮ್ಮೆ ಮುರಿದರೆ ಉಳಿದ ಚಿಲ್ಲರೆಯೂ ಕೈಯಲ್ಲಿ ನಿಲ್ಲದು; ಮನೆಗೆ ಬಂದ ಕೂಡಲೇ ಅದನ್ನು ಡಬ್ಬಿಗೆ ಹಾಕಿಬಿಡಿ.

ಕ್ರೆಡಿಟ್ ಕಾರ್ಡಿನಲ್ಲಿ ಸಂಕಟ ತಿಂಗಳು ತಡವಾಗಿ ಬರುತ್ತದೆ, ಬಂದಾಗ ‘ಕನಿಷ್ಠ ಮೊತ್ತ’ ಎಂಬ ಸಣ್ಣ ಅಂಕಿ ಸಮಾಧಾನ ಹೇಳುತ್ತದೆ. 20,000 ರೂಪಾಯಿ ಬಿಲ್ಲಿಗೆ ಶೇ 5ರಂತೆ 1,000 ಕಟ್ಟಿದಿರಿ ಎನ್ನಿ. ಉಳಿದ 19,000ಕ್ಕೆ ತಿಂಗಳಿಗೆ ಶೇ 3.5ರಂತೆ ಬಡ್ಡಿ 665, ಅದರ ಮೇಲೆ ಶೇ 18 ಜಿಎಸ್‌ಟಿ ಸುಮಾರು 120. ಅಂದರೆ ಸಾವಿರ ಕಟ್ಟಿದರೂ ಸಾಲ ಇಳಿದದ್ದು 215 ರೂಪಾಯಿ. ಕೊಂಡ ದಿನದಿಂದಲೇ ಬಡ್ಡಿ ಎಣಿಸುವುದರಿಂದ ಮೊದಲ ತಿಂಗಳು ಅಷ್ಟೂ ಇಳಿಯದು. ಹಳೆ ಬಾಕಿ ಪೂರ್ತಿ ತೀರುವವರೆಗೆ ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ಸಿಗವು.